ಎರಡು ಲಾರಿ, ಐದು ಲಾರಿ

ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಕಲ್ಲಿನ ಮೇಲೆ ಅಕ್ಷರ ಕೊರೆಯುವವರು. ಹರೆಯದಲ್ಲಿ ಎಂಟು ವರ್ಷ ಸೇನೆಯಲ್ಲಿ ಲಾರಿ ಓಡಿಸಿ, ಗಡಿಯಲ್ಲಿ ಒಂದು ಯುದ್ಧ ಕಂಡು, ಎಡಗಿವಿಯನ್ನು ಅಲ್ಲಿಯ ಸದ್ದಿಗೆ ಬಿಟ್ಟುಕೊಟ್ಟು ಬಂದು, ಮತ್ತೆ ಅಪ್ಪನ ಉಳಿ ಹಿಡಿದರು. ಕೇಳದ ಆ ಕಿವಿಯಿಂದ ಅವರಿಗೆ ಬಹಳ ಅನುಕೂಲ. ಬೇಡದ ಮಾತು ಬಂದಾಗಲೆಲ್ಲ ಆ ಕಿವಿಯನ್ನೇ ಕೊಟ್ಟು ಕೂರುತ್ತಾರೆ. ನಾನು ಬಾಯಿ ತೆರೆದರೆ ಸಾಕು, ತಿರುಗುತ್ತಾರೆ.

ಈ ವರ್ಷ ಪುರಸಭೆಯವರು ಆ ಯುದ್ಧದಲ್ಲಿ ಸತ್ತ ಊರಿನವರಿಗಾಗಿ ಒಂದು ಕಲ್ಲು ನಿಲ್ಲಿಸಲು ಹೊರಟರು. ಕೊರೆಯುವ ಕೆಲಸ ಭಾವನಿಗೇ ಬಂತು. ಪಟ್ಟಿಯಲ್ಲಿ ಹನ್ನೊಂದು ಹೆಸರು. ಊರೆಲ್ಲ ‘ಗಿಡ್ಡ’ ಎನ್ನುತ್ತಿದ್ದ ಅವರ ಗೆಳೆಯನ ಹೆಸರಿಲ್ಲ.

ಗಿಡ್ಡ ಸತ್ತದ್ದು ಯುದ್ಧ ನಡೆದ ತಿಂಗಳ ಹನ್ನೆರಡನೇ ತಾರೀಕಿಗೆ. ಬೆಟ್ಟದ ದಾರಿಯಲ್ಲಿ ಭಾವನ ಲಾರಿಯ ಹಿಂದೆಯೇ ಅವನ ಲಾರಿ ಬರುತ್ತಿತ್ತು, ಶೆಲ್ ಬಿದ್ದು ಎರಡೂ ಲಾರಿ ಹಾಳಾದವು, ಬದುಕಿದ್ದು ಭಾವ ಒಬ್ಬರೇ. ಆದರೆ ನಮ್ಮ ಸರ್ಕಾರದ ಪುಸ್ತಕದ ಪ್ರಕಾರ ಯುದ್ಧ ಹತ್ತಕ್ಕೇ ಗೆದ್ದು ಮುಗಿದಿತ್ತು. ಮುಗಿದ ಯುದ್ಧದಲ್ಲಿ ಸಾಯುವುದು ಹೇಗೆ? ಹಾಗಾಗಿ ಗಿಡ್ಡನದು ‘ರಸ್ತೆ ಅಪಘಾತ’.

ಗಿಡ್ಡನ ಹೆಂಡತಿ ನಮ್ಮ ಬೀದಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಒಂದು ಬೆಳಿಗ್ಗೆ ಬಂದು, ಪಟ್ಟಿಯ ಮೇಲೆ ಎರಡು ಸಲ ಬೆರಳಾಡಿಸಿದರು.

“ಇವರ ಹೆಸರಿಲ್ವಲ್ಲ ಅಣ್ಣ,” ಎಂದಷ್ಟೇ ಹೇಳಿ ಹೋದರು. ಭಾವ ಉಳಿ ಕೆಳಗಿಟ್ಟರು.

ಮರುದಿನ ಹಳೇ ಪುಸ್ತಕದಂಗಡಿಯಿಂದ ಒಂದು ದಪ್ಪ ಪುಸ್ತಕ ಮನೆಗೆ ಬಂತು. ಆಚೆ ದೇಶದ ನಿವೃತ್ತ ಸೇನಾಧಿಕಾರಿಯೊಬ್ಬ ಬರೆದದ್ದರ ಅನುವಾದ. ನಮ್ಮವರು ಏರಿಗೆ ಎಳೆದರೆ ಅವರು ನೀರಿಗೆ ಎಳೆಯುವುದು ಸಹಜ. ಅವರ ಪ್ರಕಾರ ಯುದ್ಧ ಹದಿನಾಲ್ಕರವರೆಗೂ ನಡೆದು, ಗೆದ್ದವರು ಅವರು. ನೂರಾ ಎಂಬತ್ತನೇ ಪುಟದಲ್ಲಿ ಭಾವನಿಗೆ ಬೇಕಾದ ಸಾಲಿತ್ತು: ‘ಹನ್ನೆರಡರಂದು ಬೆಟ್ಟದ ದಾರಿಯಲ್ಲಿ ಶತ್ರುವಿನ ಐದು ಲಾರಿಗಳನ್ನು ಉಡಾಯಿಸಿದೆವು.’

“ಐದಂತೆ! ಸುಳ್ಳು ಬೊಗಳೋಕೂ ಒಂದು ಮಿತಿ ಬೇಡ್ವಾ? ನಮ್ಮ ಹತ್ರ ಇದ್ದಿದ್ದೇ ಮೂರು. ಅದರಲ್ಲೊಂದಕ್ಕೆ ಚಕ್ರ ಇರ್ಲಿಲ್ಲ!” ಎಂದು ಭಾವ ಪುಸ್ತಕಕ್ಕೇ ಬೈದರು.

ಅರ್ಜಿ ಬರೆಯುವ ಕೆಲಸ ನನಗೆ ಬಿತ್ತು. ಪತ್ರಿಕೆಗೆ ನಗೆಬರಹ ಬರೆಯುವವನು ಅರ್ಜಿ ಬರೆದರೆ ಏನಾಗುತ್ತದೋ ಅದೇ ಆಯಿತು. ಮೊದಲ ಅರ್ಜಿಯನ್ನು ಕಚೇರಿಯವರು ಓದಿ ನಕ್ಕು, ‘ಸಲಹೆಗಳು’ ಎಂಬ ಕಡತಕ್ಕೆ ಸೇರಿಸಿಬಿಟ್ಟಿದ್ದರು. ಎರಡನೆಯದರಲ್ಲಿ ಬುದ್ಧಿವಂತಿಕೆ ಬಿಟ್ಟು, ಪುಸ್ತಕದ ಸಾಲನ್ನು ಇದ್ದಂತೆ ಇಳಿಸಿದೆ. ಭಾವ ಕಲ್ಲಿಗೆ ಗುರುತು ಹಾಕುವ ಕೆಂಪು ಸೀಮೆಸುಣ್ಣದಿಂದಲೇ ‘ಐದು’ ಹೊಡೆದುಹಾಕಿ ‘ಎರಡು’ ಮಾಡಿದರು.

ಪುರಸಭೆಯ ಅಧಿಕಾರಿ ಕನ್ನಡಕ ಮೇಲೇರಿಸಿದ. “ಹಾಗಾದ್ರೆ ಶತ್ರು ಹೇಳೋದು ನಿಜ, ನಮ್ಮವರು ಹೇಳೋದು ಸುಳ್ಳು ಅಂತೀರಾ?”

“ಇಬ್ಬರೂ ಸುಳ್ಳರೇ ಸ್ವಾಮಿ. ತಾರೀಕು ಮಾತ್ರ ಅವರದ್ದು ಸರಿ,” ಎಂದರು ಭಾವ.

“ಅವರು ಐದು ಲಾರಿ ಅಂದಿದ್ದಾರೆ. ನೀವು ಎರಡು ಅಂತೀರಿ. ಹಾಗಾದ್ರೆ ಇದು ಬೇರೆ ಘಟನೆ ಆಯ್ತಲ್ಲ?”

ನಾನು ಹಣೆ ಹಿಡಿದುಕೊಂಡೆ. ಅಧಿಕಾರಿ ಕೆಟ್ಟವನಲ್ಲ, ದನಿ ಇಳಿಸಿದ. “ಐದು ಅಂತ ಒಂದು ಸಹಿ ಹಾಕಿಬಿಡಿ. ಪುಸ್ತಕಕ್ಕೆ ಹೊಂದಿಕೆಯಾಗತ್ತೆ, ಹೆಸರು ಸೇರಿಸ್ತೀನಿ.”

“ಲಾರಿಗೊಬ್ಬ ಚಾಲಕ. ಉಳಿದ ಮೂರು ಲಾರಿ ಯಾರು ಓಡಿಸಿದ್ರು? ಅವರ ಹೆಸರೂ ನಾನೇ ಹುಟ್ಟಿಸಿ ಕೊರೀಲಾ?” ಎಂದು ಭಾವ ಎದ್ದು ಬಂದರು.

ವಾರ ಕಳೆಯಿತು. ಕಲ್ಲು ಅನಾವರಣಕ್ಕೆ ನಾಲ್ಕೇ ದಿನ. ಮನೆಯಲ್ಲಿ ನನ್ನ ಹೆಂಡತಿ ಅಣ್ಣನಿಗೆ ಹೇಳಲಾಗದ್ದನ್ನೆಲ್ಲ ನನಗೆ ಹೇಳಿದಳು. “ನಿಮಗೆ ಬರೆಯೋಕೂ ಬರಲ್ಲ, ಅವನಿಗೆ ಬಗ್ಗೋಕೂ ಬರಲ್ಲ!”

ಕೊನೆಗೆ ಗಿಡ್ಡನ ಹೆಂಡತಿಯೇ ಬಂದರು. ಹೆಗಲ ಮೇಲೆ ಅಳತೆಯ ಟೇಪು ಹಾಗೇ ಇತ್ತು.

“ಅಣ್ಣ, ಅವರು ಹೋಗಿ ಮೂವತ್ತೊಂದು ವರ್ಷ ಆಯ್ತು. ಕುಡಿದು ಲಾರಿ ಉರುಳಿಸಿದ ಅಂತ ಜನ ಆಡಿಕೊಂಡಿದ್ದನ್ನ ನಾನು ಕೇಳಿಸಿಕೊಂಡಿದೀನಿ. ಲಾರಿ ಎರಡಾದ್ರೂ ಇರಲಿ, ಇಪ್ಪತ್ತಾದ್ರೂ ಇರಲಿ. ನಂಗೆ ಒಂದು ಹೆಸರು ಸಾಕು.”

ಭಾವ ಸರಿಯಿದ್ದ ಕಿವಿಯನ್ನೇ ಅವರ ಕಡೆ ಕೊಟ್ಟು ಕೂತಿದ್ದರು. ಎರಡು ಸರ್ಕಾರಗಳಿಗೂ ಬಗ್ಗದ ಮನುಷ್ಯ ಮಧ್ಯಾಹ್ನ ಕಚೇರಿಗೆ ಹೋಗಿ ‘ಐದು’ ಎಂದು ಸಹಿ ಹಾಕಿ ಬಂದರು. ಬಂದವರು ಕಲ್ಲಿನ ಮುಂದೆ ಕೂತು, ಹನ್ನೆರಡನೆಯ ಹೆಸರನ್ನು ಮಧ್ಯೆ ಏಳದೆ ಮುಗಿಸಿದರು.

ಇಲ್ಲಿಗೆ ಮುಗಿಯಿತೆಂದುಕೊಂಡ ನಾನು ಪೆದ್ದ. ಅನಾವರಣದ ಮರುದಿನವೇ ಭಾವ ನನ್ನ ಮೇಜಿನ ಮೇಲೆ ಆ ದಪ್ಪ ಪುಸ್ತಕ ದೊಪ್ಪೆಂದು ಹಾಕಿದರು.

“ಬರಿಯಯ್ಯಾ ಲೇಖಕ. ಈ ಪುಸ್ತಕ ಬರೆದೋನಿಗೆ ಒಂದು ಕಾಗದ. ಐದಲ್ಲ, ಎರಡು. ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳಲಿ.”

“ಅಯ್ಯೋ ಭಾವ! ಅವನು ತಿದ್ದಿದ್ರೆ ನಿಮ್ಮ ಸಹಿ ಸುಳ್ಳಾಗತ್ತೆ. ಹೆಸರು ತೆಗೀರಿ ಅಂತ ಪುರಸಭೆಯವರು ಬರ್ತಾರೆ!”

“ಬರಲಿ. ಕಲ್ಲಲ್ಲಿ ಕೊರೆದಿದ್ದನ್ನ ಅಳಿಸೋ ಕೆಲಸ ಈ ಊರಲ್ಲಿ ಬರೋದು ನನಗೊಬ್ಬನಿಗೇ,” ಎಂದ ಭಾವ ಎಡಗಿವಿಯನ್ನು ನನ್ನತ್ತ ತಿರುಗಿಸಿದರು. “ಆ ಕೆಲಸ ನಂಗೆ ಮರೆತುಹೋಗಿದೆ ಅಂತೀನಿ.”