ಕಿಲ್ಲಾ ಬೀಳದ ವರ್ಷ

ಮಾಸ್ತರರ ಎಡಗೈ ತುಂಬ ಕರಡಿಯಂತೆ ಕೂದಲು. ಬಲಗೈ ಮಾತ್ರ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೋಳು. ಎಣ್ಣೆ ಹಚ್ಚಿದ ಕಟ್ಟಿಗೆಯಂತೆ ಹೊಳೆಯುತ್ತಿತ್ತು. ದಾಂಡಪಟ್ಟಾ ಎಂಬ ಕತ್ತಿಗೆ ಹಿಡಿಕೆಯ ಜಾಗದಲ್ಲಿ ಕಬ್ಬಿಣದ ತೋಳಿರುತ್ತದೆ. ಕೈಯನ್ನು ಅದರೊಳಗೆ ತೂರಿಸಿ ಬೀಸಬೇಕು. ದಿನಾ ಬೀಸಿದವನ ಕೂದಲು ಕಬ್ಬಿಣಕ್ಕೆ ತಿಕ್ಕಿ ತಿಕ್ಕಿ ಉದುರುತ್ತದೆ, ಮತ್ತೆ ಬೆಳೆಯಲು ಪುರಸೊತ್ತೇ ಸಿಗುವುದಿಲ್ಲ.

ಹೊಟ್ಟೆಪಾಡಿಗೆ ಅವರು ನಿಪ್ಪಾಣಿಯಲ್ಲಿ ಬಡಿಗತನ ಮಾಡುತ್ತಿದ್ದರು. ಸಂಜೆ ನಮ್ಮ ಗಲ್ಲಿಯ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಹಳೆಯ ಕಾಲದ ಯುದ್ಧ ಕಲಿಸುತ್ತಿದ್ದರು. ಬಡಿಗೆಯ ತುದಿಗೆ ಸುಣ್ಣ ಹಚ್ಚಿ ಜೋಡಿ ಬಿಡುವುದು. ಮೈಮೇಲೆ ಎಲ್ಲಿ ಸುಣ್ಣ ಬಿತ್ತೋ ಆ ಅಂಗ ಹೋದಂತೆ. ತೊಡೆಗೆ ಬಿದ್ದರೆ ಕುಂಟುತ್ತಲೇ ಕಾದಬೇಕು. ಒಬ್ಬ ಎದೆಯ ಮೇಲಿನ ಸುಣ್ಣ ಒರೆಸಿಕೊಂಡು "ತಾಕಿಲ್ರಿ" ಎಂದಾಗ ಮಾಸ್ತರರು, "ಸತ್ತವ ಮಾತಾಡಬಾರದಲೇ, ಮಲ್ಕೋ" ಎಂದಿದ್ದರು. ಅವರು ಮಾಡುತ್ತಿದ್ದ ಚೇಷ್ಟೆ ಅಷ್ಟೇ.

ದೀಪಾವಳಿ ಬಂತೆಂದರೆ ನಮ್ಮ ಕಡೆ ಮನೆಗಳ ಮುಂದೆ ಮಣ್ಣಿನ ಕಿಲ್ಲಾಗಳು, ಪುಟ್ಟ ಪುಟ್ಟ ಕೋಟೆಗಳು, ಏಳುತ್ತವೆ. ಅಳವಿ ಬೀಜ ಚೆಲ್ಲಿ ಹಸಿರು ಬರಿಸುತ್ತಾರೆ, ಮಣ್ಣಿನ ಸೈನಿಕರನ್ನು ನಿಲ್ಲಿಸುತ್ತಾರೆ. ಅದು ನೋಡುವುದಕ್ಕಷ್ಟೇ. ಮಾಸ್ತರರು ತಾಲೀಮಿನ ಅಂಗಳದಲ್ಲಿ ಕಟ್ಟಿಸುತ್ತಿದ್ದ ಕಿಲ್ಲಾದ ಸುತ್ತ ಮಾತ್ರ ನಿಜವಾದ ಕಾಳಗ ನಡೆಯುತ್ತಿತ್ತು. ಕಟ್ಟಿಗೆಯ ಒಂದು ಗೊಂಬೆ ಎಂದರೆ ಇಪ್ಪತ್ತು ಮಂದಿ. ನಡೆ ಗೇಣಿನ ಲೆಕ್ಕದಲ್ಲಿ. ಹೊಡೆತ ತಾಕಿತೋ ಇಲ್ಲವೋ ಎಂದು ಆರು ಕವಡೆ ಹೇಳುತ್ತಿದ್ದವು. ಈ ನಿಯಮಗಳನ್ನೆಲ್ಲ ಒಂದು ಹಳೆಯ ನೋಟಬುಕ್ಕಿನಲ್ಲಿ ಅವರೇ ಬರೆದಿದ್ದರು. ಕಬ್ಬಿಣದ ತೋಳು ಹಾಕಿಕೊಂಡವನು ಏರಿನಲ್ಲಿ ಎಷ್ಟು ಹೆಜ್ಜೆಗೆ ಏದುಸಿರು ಬಿಡುತ್ತಾನೆ ಎಂಬುದನ್ನು ತವಂದಿ ಘಾಟಿನಲ್ಲಿ ನಮ್ಮನ್ನು ಓಡಿಸಿಯೇ ಬರೆದದ್ದು.

ಯಾರು ಯಾವ ಕಡೆ ಎಂಬುದು ಚೀಟಿಯಿಂದ. ಕಿಲ್ಲಾ ಮುತ್ತುವ ನಮ್ಮ ರಾಜರ ಕಡೆಯವರಾಗಲು ಎಲ್ಲರಿಗೂ ಆಸೆ. ಕಿಲ್ಲೇದಾರನಾಗಲು, ಅಂದರೆ ಒಳಗೆ ಕುಳಿತ ವೈರಿಯಾಗಲು, ಯಾರಿಗೂ ಬೇಡ. ಅವನಿಗೆ ಮಂದಿ ಕಡಿಮೆ, ಕಾಳು ಕಡಿಮೆ. ಪಾಡ್ಯದ ಸಂಜೆ ಕಿಲ್ಲಾ ಬೀಳುತ್ತಿತ್ತು, ಗಲ್ಲಿಯವರು ಪಟಾಕಿ ಹಚ್ಚುತ್ತಿದ್ದರು. ಬಿದ್ದೇ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತು.

ನನಗೆ ಇಪ್ಪತ್ತು ತುಂಬಿದ ವರ್ಷ ಕಿಲ್ಲೇದಾರನ ಚೀಟಿ ನನಗೆ ಬಂತು. ಹೊರಗೆ ಮುತ್ತಿಗೆ ಹಾಕಿದವನು ಬಟ್ಟೆ ಅಂಗಡಿಯ ಗೆಳೆಯ. ನನ್ನ ಬಳಿ ಎರಡು ದಿನದ ಜೋಳ ಉಳಿದಿತ್ತು. ಕವಡೆ ಕೈಗೆ ಬಂದಾಗ ನಾನು ಚೆಲ್ಲಲಿಲ್ಲ.

"ಮಾಸ್ತರ, ನಾ ಮಾತಾಡಬಹುದೇನ್ರಿ?"

"ಯಾರ ಕೂಡ?"

"ಇವನ ಕೂಡ. ಕಿಲ್ಲಾದ ಹೊರಗ ನಿಂತಾನಲ್ರಿ."

"ಅದನ್ನ ನಾ ಬರದಿಲ್ಲ."

"ಕಿಲ್ಲೇದಾರಗ ಬಾಯಿ ಇತ್ತೋ ಇಲ್ಲೋರಿ?"

ಮಾಸ್ತರರು ಬೋಳು ಕೈಯನ್ನು ತಿಕ್ಕಿಕೊಂಡರು. "ಇತ್ತು. ಮಾತಾಡು. ಆದ್ರ ಅವ ಆಗಿ ಮಾತಾಡು, ನೀ ಆಗಿ ಅಲ್ಲ."

ನಾನು ಗೆಳೆಯನ ಕಡೆ ತಿರುಗಿದೆ. "ಏನ್ರಿ ಸರದಾರ್ರ, ನಿಮ್ಮ ಕಡೆ ಎಷ್ಟ ದಿನದ ಜೋಳ ಐತಿ?"

"ನಿನಗ್ಯಾಕ ಬೇಕಲೇ?"

"ಲೇ ಅನಬ್ಯಾಡ್ರಿ. ನಾ ಕಿಲ್ಲೇದಾರ."

ಮಂದಿ ನಕ್ಕರು. ಅವನೂ ನಕ್ಕು, "ಮೂರು ದಿನದ್ದೈತಿ" ಎಂದುಬಿಟ್ಟ.

"ನಂದು ನಾಕು ದಿನದ್ದು. ನಿಮಗ ಬೇಕಾದದ್ದು ಈ ಗೋಡಿಯೋ, ಹಿಂದಿನ ಘಾಟಿನ ದಾರಿಯೋ?"

ಅವನು ಮಣ್ಣಿನ ಗುಡ್ಡ ನೋಡಿದ, ತನ್ನ ಗೊಂಬೆಗಳನ್ನು ನೋಡಿದ. "ದಾರಿ."

"ದಾರಿ ನಿಮ್ದು. ಕಿಲ್ಲಾ ನಂದು. ಇಬ್ಬರ ಮಂದಿನೂ ಉಳೀತಾರ."

ಅವನು ಕೈ ಕೊಟ್ಟ. ಮಾಸ್ತರರು "ಖರೇನ?" ಎಂದು ಇಬ್ಬರನ್ನೂ ಕೇಳಿ, ಕವಡೆಗಳನ್ನು ಚೀಲಕ್ಕೆ ಹಾಕಿದರು.

ತಾಲೀಮಿನ ಪಂಚರಲ್ಲಿ ಹಿರಿಯರೊಬ್ಬರು ಮುಂದೆ ಬಂದರು. "ಮಾಸ್ತರ, ಕಿಲ್ಲಾ ಯಾವಾಗ ಬೀಳತೈತಿ? ಹುಡುಗ್ರು ಕಡ್ಡಿ ಹಿಡಕೊಂಡ ನಿಂತಾವ."

"ಈ ವರ್ಷ ಬೀಳೂದಿಲ್ರಿ."

"ಬೀಳೂದಿಲ್ಲಂದ್ರ? ಹಿರ್ಯಾರು ರಕ್ತಾ ಸುರಿಸಿ ಗೆದ್ದದ್ದನ್ನ ಇವ ಸಂತ್ಯಾಗ ಕುಂತಂಗ ವ್ಯಾಪಾರ ಮಾಡ್ಯಾನ. ಒಂದ ಒದೀರಿ, ಮುಗಸ್ರಿ."

"ಆಟದಾಗ ಆದದ್ದು ಆತ್ರಿ."

"ಹಂಗಾರ ತಾಲೀಮಿನ ಕೀಲಿ ಇಡ್ರಿ."

ಮಾಸ್ತರರು ನನ್ನನ್ನು ನೋಡಿದರು. ಸೋತೆ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಗೆದ್ದ ಖುಷಿಯಲ್ಲಿದ್ದೆ, ಹೇಳಲಿಲ್ಲ. ಅವರು ಉಡದಾರಕ್ಕೆ ಕಟ್ಟಿದ್ದ ಕೀಲಿ ಬಿಚ್ಚಿ ಮಣ್ಣಿನ ಗೋಡೆಯ ಮೇಲಿಟ್ಟು ಮನೆಗೆ ನಡೆದರು. ದಾಂಡಪಟ್ಟಾ ತಾಲೀಮಿನ ಸೊತ್ತು, ಅದು ಒಳಗೇ ಉಳಿಯಿತು. ಕಿಲ್ಲಾವನ್ನು ಒದೆಯಲು ಪಂಚರಿಗೂ ಕಾಲು ಬರಲಿಲ್ಲವೋ ಏನೋ, ಅದು ಮುಂದಿನ ಮಳೆಗೆ ತಾನಾಗಿಯೇ ಕರಗಿತು.

ಮುಂದಿನ ಭಾನುವಾರದಿಂದ ಆಟ ಅವರ ಬಡಿಗತನದ ತಗಡಿನ ಪತ್ರಾಸಿನ ಕೆಳಗೆ, ಒಂದು ಹಲಗೆಯ ಮೇಲೆ ನಡೆಯಿತು. ಈಗ ಸೈನ್ಯಗಳಿಲ್ಲ. ಒಬ್ಬೊಬ್ಬರಿಗೆ ಒಂದೇ ಗೊಂಬೆ: ಒಬ್ಬ ಗೂಢಚಾರ, ಒಬ್ಬ ಎತ್ತಿನ ಮೇಲೆ ಕಾಳು ಹೇರಿಕೊಂಡು ಬರುವವ, ಒಬ್ಬ ಓಡಿಬಂದ ಸಿಪಾಯಿ. ಮಾಸ್ತರರು ಹೊಳೆ ತುಂಬಿದೆ ಎನ್ನುತ್ತಿದ್ದರು, ಕಾವಲುಗಾರ ಎದ್ದ ಎನ್ನುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: "ಈಗ ನೀ ಏನ್ ಮಾಡ್ತಿ?"

ನಾನು ಇಂದು ರಾಯಬಾಗ, ಅಥಣಿ ಸುತ್ತ ಹಳೆಯ ಟ್ರ್ಯಾಕ್ಟರ್ ಕೊಂಡು ಮಾರುತ್ತೇನೆ. ಈ ದಂಧೆಗೆ ಇಳಿಯುವವರಿಗೆ ನನ್ನದೊಂದು ಸಲಹೆ ಉಂಟು. ಎಂಜಿನ್ ಆಮೇಲೆ ನೋಡಿ. ಮೊದಲು ಗಾಡಿಯಿಂದ ಇಳಿಯದೆ ಒಂದು ಗಳಿಗೆ ಮಾರುವವನೇ ಆಗಿ ಕುಳಿತುಕೊಳ್ಳಿ. ಅವನಿಗೆ ಗೋಡೆ ಬೇಕೋ, ದಾರಿ ಬೇಕೋ? ಅದು ತಿಳಿದ ಮೇಲೆಯೇ ಬಾಯಿ ತೆರೆಯಿರಿ. ನನ್ನ ಮನೆ ನಿಂತದ್ದು ಇದರ ಮೇಲೆ.

ಒಂದು ವ್ಯವಹಾರ ಮಾತ್ರ ಕುದುರಲಿಲ್ಲ. ನನ್ನ ಮಾತಿಗೆ ಊರಲ್ಲಿ ತೂಕ ಬಂದ ಮೇಲೆ ಪಂಚರ ಬಳಿ ಹೋಗಿ ಕೀಲಿ ಕೇಳಿದೆ. ಅವರೂ ಮೆತ್ತಗಾಗಿದ್ದರು. "ಅವತ್ತು ತಪ್ಪಾತು ಅಂತ ಮಾಸ್ತರ ಒಂದ ಮಾತ ಅನ್ಲಿ, ನಾಳೆ ಕೊಡ್ತೀವಿ" ಎಂದರು. ಓಡುತ್ತ ಬಂದು ಹೇಳಿದೆ. ಮಾಸ್ತರರು ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ.

"ತಪ್ಪ ಅಂದ್ರ ನೀ ಆಡಿದ್ದೂ ಸುಳ್ಳಾಕೈತಿ, ತಮ್ಮಾ."

ಎರಡು ವರ್ಷದ ಹಿಂದೆ ತಂಗಿಯ ಮಗಳು ಕೊಲ್ಲಾಪುರದ ಕಾಲೇಜಿನಿಂದ ಒಂದು ಆಟ ತಂದಳು: ಇಪ್ಪತ್ತು ಮುಖದ ದಾಳ, ಒಂದು ದಪ್ಪ ಪುಸ್ತಕ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವುದು, ಥೇಟ್ ನಮ್ಮ ಹಲಗೆಯ ಆಟ. ಅವಳನ್ನು ಮಾಸ್ತರರ ಬಳಿ ಕರೆದೊಯ್ದೆ. ಅವರು ದಾಳವನ್ನು ಬೆಳಕಿಗೆ ಹಿಡಿದರು. "ಇಷ್ಟ ಮುಖ ಯಾಕವ್ವಾ? ಆರು ಕವಡಿ ಸಾಲೂದಿಲ್ಲೇನು?"

ಅವಳು ವಿವರಿಸಿದಳು. ಅಮೆರಿಕದಲ್ಲಿ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ಕಾದಾಡಿಸುವ ಮಂದಿ ಇದ್ದರಂತೆ. ಹಳೆಯ ಕಾಲದ ಕವಚ ತೊಟ್ಟು ತೋಟಗಳಲ್ಲಿ ಬಡಿದಾಡುವ ಮಂದಿಯೂ ಇದ್ದರಂತೆ. ಕೆಲವರು ಎರಡನ್ನೂ ಮಾಡುತ್ತಿದ್ದರಂತೆ. "ಒಂದ್ಸಲ ಆಡಾವ್ರು ಸೈನ್ಯಾ ನಡಸೂದು ಬಿಟ್ಟು ತಮ್ಮ ತಮ್ಮಲ್ಲೇ ಮಾತಾಡಾಕ ಹತ್ತಿದ್ರಂತ ಅಜ್ಜಾ. ಆಡಸಾವಗ ತಲಿ ಕೆಟ್ಟು ಹೋಗಿತ್ತಂತ. ಆದ್ರ ಅಲ್ಲಿಂದನ ಈ ಆಟ ಬೆಳೀತು."

ಮಾಸ್ತರರು ನನ್ನ ಕಡೆ ನೋಡಿದರು. "ಅಲ್ಲೂ ಇದ್ರೇನು ಇಂಥವ್ರು?" ಆಮೇಲೆ ಅವಳನ್ನು ಕೇಳಿದರು, "ಆ ಆಡಸಾವನ ಕೀಲಿ ಹೋತೇನು?"

ಅವಳಿಗೆ ಅರ್ಥವಾಗಲಿಲ್ಲ.

ಕಳೆದ ಚಳಿಗಾಲದಲ್ಲಿ ಮಾಸ್ತರರು ತೀರಿಕೊಂಡರು. ಮೈ ತೊಳೆಯುವಾಗ ನೀರು ಹಾಕಿದವನು ನಾನು. ಮೊದಲು ಎಡಗೈಗೆ ಹಾಕಿದೆ. ಬಲಗೈಗೆ ಹಾಕಲು ಹೋಗಿ, ಇದು ಯಾವ ಕೈ ಎಂದು ಒಂದು ಗಳಿಗೆ ತಿಳಿಯದೆ ನಿಂತೆ. ಮೊಣಕೈಯಿಂದ ಮಣಿಕಟ್ಟಿನವರೆಗೆ, ಬೆಳ್ಳಗೆ, ಒತ್ತಾಗಿ, ಕೂದಲು ಬೆಳೆದಿತ್ತು.