ಸುಣ್ಣ ಬೆಲ್ಲ ನೆಕ್ಕಿದ ಬೆಕ್ಕು

ಬೆಕ್ಕಿಗೆ ಮುಳ್ಳು ಚುಚ್ಚಿರಲೇ ಇಲ್ಲ. ಅದು ಹಾಲು ನೀರು ಬಿಟ್ಟಿದ್ದು ನನ್ನ ತಂಗಿಯ ಮದ್ದಿನಿಂದ. ನಡೆದದ್ದು ಇಷ್ಟೇ. ಅವಳು ಈಗಲೂ ಬೇರೆ ಹೇಳುತ್ತಾಳೆ, ಹೇಳಿಕೊಳ್ಳಲಿ.

ಆ ಬೆಕ್ಕು ಯಾರದೂ ಅಲ್ಲ. ಕಳಲೆ ಊರಿನ ಹತ್ತಿರ ಇರುವ ನಮ್ಮ ಮನೆಯ ಹಿತ್ತಲಲ್ಲಿ ಇರುತ್ತದೆ. ಒಳಗೆ ಬರುವುದಿಲ್ಲ, ನಾನೂ ಕರೆಯುವುದಿಲ್ಲ. ವಯಸ್ಸಾದ ಹೆಣ್ಣು ಬೆಕ್ಕು. ಹಿತ್ತಲ ಜಗಲಿಯ ರಾಗಿ ಮೂಟೆಯ ಹತ್ತಿರ ಇಲಿ ಸುಳಿಯಲು ಬಿಡುವುದಿಲ್ಲ ಅಂತ ಬೆಳಿಗ್ಗೆ ತೆಂಗಿನ ಚಿಪ್ಪಿನಲ್ಲಿ ಹಾಲು ಹಾಕುತ್ತೇನೆ. ಒಂದು ಶನಿವಾರ ಅದು ಮುಂಗಾಲು ಎತ್ತಿಕೊಂಡು ಕುಂಟುತ್ತಾ ಬಂತು.

ತಂಗಿ ನರಸೀಪುರದಿಂದ ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ನೋಡಿದ ಕೂಡಲೇ ತೀರ್ಮಾನ ಕೊಟ್ಟಳು. "ಜಾಲಿ ಮುಳ್ಳು ಕಣಕ್ಕ. ಸುಣ್ಣ ಬೆಲ್ಲ ಕಲ್ಸಿ ಮೆತ್ತು, ತಾನೇ ಮೇಲಕ್ ಬತ್ತದೆ."

ನಮ್ಮ ಕಡೆ ಎಲ್ಲರ ಕಾಲಿಗೂ ಅದೇ ಮದ್ದು. ನಾನು ಗೋಣಿಚೀಲದಲ್ಲಿ ಬೆಕ್ಕನ್ನು ಅಮುಕಿ ಹಿಡಿದೆ. ಅವಳು ತನ್ನ ಎಲೆಅಡಿಕೆ ಚೀಲದ ಸುಣ್ಣವನ್ನೇ ತೆಗೆದು, ಬೆಲ್ಲದ ಜೊತೆ ಕಲಸಿ ಮೆತ್ತಿ, ಹಳೇ ಸೀರೆಯ ಚೂರು ಸುತ್ತಿದಳು.

ಬಟ್ಟೆ ಸಂಜೆಯ ತನಕವೂ ನಿಲ್ಲಲಿಲ್ಲ. ಬೆಕ್ಕು ಅದನ್ನು ಕಿತ್ತು ಬಿಸಾಕಿ ಮದ್ದನ್ನೆಲ್ಲ ನೆಕ್ಕಿಬಿಟ್ಟಿತ್ತು. ಭಾನುವಾರ ಬೆಳಿಗ್ಗೆ ಹಾಲಿಗೆ ಬಾಯಿ ಇಟ್ಟಿದ್ದೇ ತಲೆ ಒದರಿ ಹಿಂದಕ್ಕೆ ಸರಿಯಿತು. ಜೊಲ್ಲು ಸುರಿಯುತ್ತಿತ್ತು. ಎಲೆಗೆ ಸುಣ್ಣ ಹೆಚ್ಚಾದರೆ ನನ್ನ ನಾಲಿಗೆಯೇ ಸುಟ್ಟುಹೋಗುತ್ತದೆ. ಬೆಕ್ಕಿನ ಬಾಯಿಯೂ ಸುಣ್ಣಕ್ಕೆ ಸುಟ್ಟಿದೆ ಅಂತ ಆಗ ಗೊತ್ತಾಯಿತು.

ಪಶು ಆಸ್ಪತ್ರೆ ಇರುವುದು ನಂಜನಗೂಡಿನಲ್ಲಿ. ಭಾನುವಾರ ಬಾಗಿಲು ಹಾಕಿರುತ್ತದೆ. ಆ ದಿನ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಬೆಕ್ಕು ಸೌದೆ ರಾಶಿಯ ಹಿಂದೆ ಸೇರಿಕೊಂಡಿತ್ತು. ಹೋಗಿ ನೋಡುವುದು, ಬರುವುದು, ಮತ್ತೆ ಹೋಗುವುದು. ನೀರೂ ಮುಟ್ಟದೆ ಎಷ್ಟು ಹೊತ್ತು ತಡೆದೀತು?

ಮಧ್ಯಾಹ್ನ ಕೈಗೆ ಟವಲು ಸುತ್ತಿಕೊಂಡು ಅದನ್ನು ಈಚೆಗೆ ಎಳೆದು ಪಾದ ತೊಳೆದೆ. ಮುಳ್ಳಿನ ಸುಳಿವೇ ಇಲ್ಲ. ಒಂದು ಉಗುರು ಕುಡುಗೋಲಿನ ಹಾಗೆ ಬಗ್ಗಿ ಬೆಳೆದು ತನ್ನ ಅಂಗಾಲಿಗೇ ಚುಚ್ಚಿಕೊಂಡಿತ್ತು. ತಂಗಿಯನ್ನು ಕರೆದು ತೋರಿಸಿದೆ. ಕನ್ನಡಕ ತಂದಿಲ್ಲ ಅಂದಳು.

ನಾಳೆ ನಂಜನಗೂಡಿಗೆ ಒಯ್ಯುತ್ತೇನೆ ಅಂದಾಗ ಅವಳಿಗೆ ರೇಗಿತು.

"ನನ್ ಮೊಣಕಾಲು ಊದ್ಕೊಂಡಾಗ ನೀನು ನರಸೀಪುರದ್ ಕಡೆ ತಲೆ ಆಕಲಿಲ್ಲ. ಈಗ ಬೆಕ್ಕಿಗೆ ಬಸ್ಸಾ?"

"ಮೊಣಕಾಲ್ಗೂ ಸುಣ್ಣ ಬೆಲ್ಲಾನೇ ಆಕಂಡಿದ್ದೆ ಕಣೆ ನೀನು. ನೆಕ್ಕಲಿಲ್ಲ, ಅದ್ಕೆ ಉಳ್ಕಂಡೆ."

ದೀಪಕ್ಕೆ ಹೊಸೆದಿಟ್ಟಿದ್ದ ಬತ್ತಿಯನ್ನು ನೀರಲ್ಲಿ ಅದ್ದಿ ಬೆಕ್ಕಿನ ಬಾಯಿಯ ಅಂಚಿಗೆ ಹಿಂಡಿದೆ. ಒಂದೆರಡು ಹನಿ ಒಳಗೆ ಹೋಯಿತು, ಉಳಿದದ್ದು ನನ್ನ ಸೀರೆಗೆ.

ಬೆಳಿಗ್ಗೆ ಎದ್ದವಳೇ ಬೆಕ್ಕನ್ನು ಕೋಳಿ ಮುಚ್ಚುವ ಬಿದಿರಿನ ಮಂಕರಿಯೊಳಗೆ ಕೂರಿಸಿ, ಮೇಲೆ ಗೋಣಿಚೀಲ ಬಿಗಿದು, ಕಾಫಿಗೂ ನಿಲ್ಲದೆ ರಸ್ತೆಗೆ ಬಂದೆ. ತಂಗಿ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದಳು. ಬೇಡ ಅನ್ನಲಿಲ್ಲ, ಎಲೆಅಡಿಕೆ ಚೀಲ ಮನೆಯಲ್ಲಿಟ್ಟು ಬಾ ಅಂದೆ. ಬೆಕ್ಕಿನ ಸದ್ದೇ ಇಲ್ಲವಲ್ಲ ಅಂತ ಮಂಕರಿಯನ್ನು ಅಲ್ಲಾಡಿಸಿದೆ. ಒಳಗಿಂದ ಗುರ್ ಅಂತು. ಬಸ್ಸಿಗೆ ಕೈ ಅಡ್ಡ ಹಾಕಿದೆ.