ತೋತಾಪುರಿಗೆ ಬಸ್ಸಿಲ್ಲ

ನಾನು ಕೋಲಾರದಿಂದ ಕೊಂಡೊಯ್ದಿದ್ದ ಜಾಮಿಟ್ರಿ ಬಾಕ್ಸನ್ನು ಜಾನಕಮ್ಮ ಮಿಸ್ ಕಂಪ್ಯೂಟರಿನ ಮುಂದಿಟ್ಟು, "ತಗೊಳಪ್ಪ, ಮುಕುಂದ ಮಾಮ ತಂದಿದಾನೆ" ಎಂದರು. "ಹೊಸ ಶಿಷ್ಯ ಸಿಕ್ಕಿದಾನೆ, ಊಟ ತಿಂಡಿ ಕೇಳದೆ ದಿನವಿಡೀ ಓದ್ತಾನೆ" ಎಂದು ಅವರು ಫೋನಿನಲ್ಲಿ ಹೇಳಿದ್ದನ್ನು ನಂಬಿ ನಾನು ಮುಳಬಾಗಿಲಿನ ಬಸ್ಸು ಹತ್ತಿದ್ದೆ.

"ಇವನು ಎಸ್ಸೆಸ್ಸೆಲ್ಸೀಲೂ ಹೀಗೇ. ಪ್ರಶ್ನೆ ಓದ್ದೆ ಉತ್ತರ ಬರೀತಿದ್ದ" ಎಂದು, ಬಾಗಿಲಲ್ಲಿ ಮಾವಿನ ಬುಟ್ಟಿ ಇಳಿಸುತ್ತಿದ್ದ ಮುನಿಗಂಗಮ್ಮನಿಗೆ ನನ್ನ ಪರಿಚಯವನ್ನೂ ಮಾಡಿಕೊಟ್ಟರು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ 2006ರಲ್ಲಿ ನಿವೃತ್ತರಾದವರು ಜಾನಕಮ್ಮ. ಆಮೇಲೆ ತಿದ್ದಲು ಏನೂ ಸಿಗದೆ, ಮನೆಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. 2009ರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಅವರಿಗೆ ಈ ಕೆಲಸ ಕೊಟ್ಟಿತು. ಕಂಪ್ಯೂಟರು ಇಂಟರ್‌ನೆಟ್ಟಿನ ಕನ್ನಡವನ್ನು ಬಿಡುವಿಲ್ಲದೆ ಓದಿ, ಯಾವುದು ಊರು, ಯಾವುದು ಹಣ್ಣು ಎಂದು ತಾನೇ ಕಲಿಯಬೇಕು. ನಿನ್ನೆ ಕಲಿತದ್ದರ ಬಲದಿಂದ ಇವತ್ತಿನದನ್ನು ಓದಬೇಕು. ದಿನಾ ಬೆಳಿಗ್ಗೆ ಅದರ ಪಟ್ಟಿ ನೋಡಿ ಸರಿ, ತಪ್ಪು ಹಾಕುವುದು ಮಿಸ್ ಪಾಲಿನದು.

ಮಾವಿನ ಕಾಲ ಬಂದದ್ದೇ ತಡ, ಎಡವಟ್ಟಾಯಿತು. ಎಲ್ಲಿ ಏನು ಓದಿತೋ, ಶ್ರೀನಿವಾಸಪುರ, ನರಸಾಪುರಗಳ ಸಾಲಿಗೆ ತೋತಾಪುರಿಯನ್ನೂ ಸೇರಿಸಿತು. ತೋತಾಪುರಿ ಊರಾದ ಮೇಲೆ ಅದರ ಪಕ್ಕದಲ್ಲಿ ಬರುವ ರಸಪುರಿ, ನೀಲಂ, ಬಾದಾಮಿ ಎಲ್ಲವೂ ಊರೇ. ಬಾದಾಮಿ ನಿಜಕ್ಕೂ ಊರಾಗಿದ್ದು ಅದರ ಧೈರ್ಯವನ್ನು ಇನ್ನಷ್ಟು ಹೆಚ್ಚಿಸಿತು.

"ನೀವಾದ್ರೆ ತಪ್ಪಿದ ಪದಾನ ಹತ್ತು ಸಲ ಬರೆಸಿದ್ರೆ ಸರಿಹೋಗ್ತಿದ್ರಿ. ಇದು ತಪ್ಪನ್ನೇ ತಾನಾಗಿ ಸಾವಿರ ಸಲ ಬರ್ಕೊಳ್ಳುತ್ತೆ ಕಣೋ!" ಎಂದರು ಮಿಸ್.

ಇವರು ಹೊಡೆದುಹಾಕಿದ್ದನ್ನು ಮರುದಿನದ ಮಾರುಕಟ್ಟೆ ಸುದ್ದಿ ವಾಪಸು ತರುತ್ತಿತ್ತು. ಶನಿವಾರದೊಳಗೆ ಊರುಗಳ ಪಟ್ಟಿ ಸರಿಹೋಗದಿದ್ದರೆ ಕನ್ನಡದ ಪಾಠವನ್ನೇ ನಿಲ್ಲಿಸುತ್ತೇವೆ ಎಂದು ಸಂಸ್ಥೆಯವರು ಬರೆದಿದ್ದರು. "ಪಾಠ ಅರ್ಧಕ್ಕೆ ಬಿಟ್ಟೋಳಲ್ಲ ನಾನು" ಎನ್ನುವಾಗ ಮಿಸ್ ದನಿ ಕುಸಿದಿತ್ತು.

"ಅದ್ಕೇನಮ್ಮಾ ಇಷ್ಟು ಬಾಧೆ?" ಎಂದಳು ಮುನಿಗಂಗಮ್ಮ. "ಊರಾದ್ರೆ ಬಸ್ಸು ಹೋಗ್ತೈತೆ. ತೋತಾಪುರಿಗೆ ಬಸ್ಸೈತಾ? ತಕ್ಕಡಿಗೆ ಬಿದ್ರೆ ಹಣ್ಣು, ಅಷ್ಟೇ."

ನಾನು ನಕ್ಕೆ. ಮಿಸ್ ನಗಲಿಲ್ಲ, ಬರೆದುಕೊಂಡರು. ಬಸ್ಸು ಹೋಗುವ ಸುದ್ದಿ ಎಲ್ಲೂ ಇಲ್ಲದ್ದನ್ನು ಊರೆನ್ನಬೇಡಿ, ಕೆ.ಜಿ. ಲೆಕ್ಕದಲ್ಲಿ ಬಂದರೆ ಹಣ್ಣೆನ್ನಿ, ಎರಡೂ ಇದ್ದರೆ ಎರಡೂ ಎನ್ನಿ ಎಂದು ಸಂಸ್ಥೆಗೆ ಕಳಿಸಿದರು. ಅವರು ಅದನ್ನೇ ಕಂಪ್ಯೂಟರಿಗೆ ಕಲಿಸಿದರು.

ಶನಿವಾರ ಕುತೂಹಲ ತಡೆಯದೆ ಮತ್ತೆ ಹೋದೆ. ಪಟ್ಟಿಯಲ್ಲಿ ತೋತಾಪುರಿ, ರಸಪುರಿ, ನೀಲಂ ಹಣ್ಣುಗಳ ಕಡೆಗೆ ಸರಿದಿದ್ದವು. ಬಾದಾಮಿ ಎರಡೂ ಕಡೆ ಹಾಯಾಗಿತ್ತು. ಪಾಠ ಮುಂದುವರಿಸಿ ಎಂದು ಸಂಸ್ಥೆಯಿಂದ ಫೋನೂ ಬಂತು. ಮಿಸ್ ಉಸ್ಸಪ್ಪಾ ಎಂದು ಕುರ್ಚಿಗೊರಗಿ, ಮುನಿಗಂಗಮ್ಮನನ್ನು ಒಳಗೆ ಕರೆದು ಕಾಫಿ ಕೊಟ್ಟರು. ನನಗೂ ಸಿಕ್ಕಿತು.

ಎಲ್ಲರೂ ಖುಷಿಯಲ್ಲಿರುವಾಗಲೇ ಕೇಳಿಬಿಡೋಣವೆಂದು ಕೇಳಿದೆ: "ಮಿಸ್, ನನ್ನ ಹಾಸ್ಯ ಲೇಖನಗಳೂ ಇಂಟರ್‌ನೆಟ್ಟಲ್ಲಿವೆ. ಅವನ್ನೂ ಇದು ಓದುತ್ತಾ?"

"ಓದಿದೆ. ತೋತಾಪುರಿ ಊರು ಅಂತ ಮೊದ್ಲು ಕಲ್ತಿದ್ದು ಅಲ್ಲೇ."